ವಾಹನಗಳ ದೊಡ್ಡಿಗೆ ದರ ಕಟ್ಟುವವರಾರು?

ಬೆಂಗಳೂರು ದಂಡಿನ ರಸೆಲ್ ಮಾರುಕಟ್ಟೆಯ ಸುತ್ತಣ ಬೀದಿಗಳಲ್ಲಿ ನಡೆದಾಡುವವರ ಕಣ್ಣಿಗೆ ಎರಡು ಬಗೆಯ ವಾಹನಗಳು ಬೀಳುತ್ತವೆ. ಒಂದು, ಬೆಳಗಿನ ಜಾವದಲ್ಲಿ ಕಾಯಿಪಲ್ಯ, ಹಣ್ಣು, ಹೂವು, ಮೀನುಗಳನ್ನು ಹೊತ್ತುತಂದು ಇಳಿಸಿ ಹೊತ್ತೇರುವ ಮೊದಲೇ ಹೊರಟುಹೋಗುವ ದುಡಿಮೆಯ ಗಾಡಿ. ಇನ್ನೊಂದು, ಚಕ್ರಗಳ ಗಾಳಿಯಿಳಿದು, ಗಾಜಿನ ಮೇಲೆ ಧೂಳು ದಪ್ಪಗೆ ಕುಳಿತು, ಇಂಥವರದೆಂದು ಯಾರೂ ಹೇಳಲಾರದೆ ತಿಂಗಳುಗಟ್ಟಲೆ ಬಿದ್ದಿರುವ ಅನಾಥ ಗಾಡಿ. ಮೊದಲನೆಯದನ್ನು ಎತ್ತಿಕೊಂಡು ಹೋಗುವುದರಲ್ಲಿ ಲಾಭವಿದೆ. ಅದರ ಒಡೆಯನು ಓಡಿಬಂದು ಕೇಳಿದಷ್ಟನ್ನು ಎಣಿಸಿ ಬಿಡಿಸಿಕೊಳ್ಳುತ್ತಾನೆ. ಎರಡನೆಯದನ್ನು ಎತ್ತುವುದರಲ್ಲಿ ಖರ್ಚಲ್ಲದೆ ಬೇರೇನೂ ಇಲ್ಲ. ಬೀದಿಯನ್ನು ತೆರವುಮಾಡುವ ಕಾರ್ಯವನ್ನು ಖಾಸಗಿಯವರ ಲಾಭನಷ್ಟಗಳ ತಕ್ಕಡಿಗೆ ಒಪ್ಪಿಸಿದರೆ ಆಗುವ ಗತಿ ಇದೇ. ಬಿಟ್ಟುಹೋದ ವಾಹನಗಳನ್ನು ತೆಗೆಸಬೇಕೆಂಬ, ನಿಂತುಹೋಗಿದ್ದ ಟೋಯಿಂಗ್ ಪದ್ಧತಿಯನ್ನು ಮರಳಿ ತರಬೇಕೆಂಬ ಮಾತುಗಳು ೨೦೨೫ರಲ್ಲಿ ಮತ್ತೆ ಕೇಳಿಬಂದುವು. ವಾಹನವನ್ನು ಎತ್ತುವುದಕ್ಕೂ ಎತ್ತಿದ ಮೇಲೆ ಇರಿಸಿಕೊಳ್ಳುವುದಕ್ಕೂ ದರ ಕಟ್ಟುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಮೊದಲು ಇತ್ಯರ್ಥಮಾಡಿಕೊಳ್ಳದೆ ಈ ಕಾರ್ಯದಲ್ಲಿ ಮುಂದಡಿಯಿಡಲಾಗದೆಂಬುದು ನಮ್ಮ ಅಭಿಮತ.

ಬೀದಿಗಳು ತೆರವಾಗಬೇಕೆಂಬ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ೧೯೨೭ರಲ್ಲಿ ಕಟ್ಟಿ ೧೯೩೩ರಲ್ಲಿ ತೆರೆದ ಈ ಮಾರುಕಟ್ಟೆಯು ಎತ್ತಿನ ಬಂಡಿ ಜಟಕಾಗಳ ಕಾಲದ್ದು. ಆಗ ಈ ಪ್ರದೇಶವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಬ್ರಿಟಿಷ್ ರೆಸಿಡೆಂಟರ ಕೈಕೆಳಗಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಾಗಿತ್ತು. ೧೯೪೭ರ ಜುಲೈ ತಿಂಗಳಲ್ಲಿ ಅದು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳೆರಡೂ ಕೂಡಿ ಒಂದಾದುವು. ೨೦೨೫ರ ಸೆಪ್ಟೆಂಬರಿನಲ್ಲಿ ನಗರದ ಆಡಳಿತವು ಒಡೆದು ಐದು ಪಾಲಿಕೆಗಳಾದುವು. ಆಳುವವರು ಹೀಗೆ ಮೇಲಿಂದ ಮೇಲೆ ಬದಲಾದರು; ಬೀದಿಯ ಅಗಲ ಮಾತ್ರ ಬದಲಾಗಲಿಲ್ಲ. ಬೌರಿಂಗ್ ಆಸ್ಪತ್ರೆ ಇಲ್ಲಿಗೆ ಕೂಗಳತೆಯಲ್ಲಿದೆ. ಅಲ್ಲಿಗೆ ರೋಗಿಯನ್ನು ಹೊತ್ತು ಧಾವಿಸುವ ಗಾಡಿಗೆ ಒಂದೊಂದು ಮೊಳದ ಜಾಗವೂ ಬೆಲೆಯುಳ್ಳದ್ದು. ೨೦೧೨ರ ಫೆಬ್ರುವರಿಯಲ್ಲಿ ಇದೇ ಮಾರುಕಟ್ಟೆಗೆ ಬೆಂಕಿ ಬಿದ್ದು ನೂರಕ್ಕೂ ಮೇಲ್ಪಟ್ಟು ಅಂಗಡಿಗಳು ಸುಟ್ಟುಹೋದುದನ್ನು ವ್ಯಾಪಾರಿಗಳು ಇನ್ನೂ ಮರೆತಿಲ್ಲ. ಇಂತಹ ಸ್ಥಳದಲ್ಲಿ ತನ್ನ ತುಕ್ಕುಹಿಡಿದ ಗಾಡಿಯನ್ನು ಸಾರ್ವಜನಿಕರ ಎದೆಯ ಮೇಲೆ ನಿಲ್ಲಿಸಿ ಹೋಗುವವನು ದಂಡನೆಗೆ ಅರ್ಹನೆಂಬುದರಲ್ಲಿ ಸಂದೇಹವೇನು?

ಕಾನೂನು ಸಹ ಇದನ್ನೇ ಹೇಳುತ್ತದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೨೭ನೆಯ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬಿಟ್ಟುಹೋದ ಅಥವಾ ನೋಡುವವರಿಲ್ಲದೆ ನಿಂತ ವಾಹನವನ್ನು, ಹಾಗೆಯೇ ನಿಷೇಧವಿರುವೆಡೆಯಲ್ಲಿ ನಿಲ್ಲಿಸಿದ ವಾಹನವನ್ನು ತೆಗೆಸಲು ಆ ಪ್ರದೇಶದ ಅಧಿಕಾರವುಳ್ಳ ಸಮವಸ್ತ್ರಧಾರಿ ಪೋಲೀಸ್ ಅಧಿಕಾರಿ ಅಪ್ಪಣೆ ಕೊಡಬಹುದು. ಮುರಿದ, ಸುಟ್ಟ, ಅರೆಬಿಚ್ಚಿದ ವಾಹನದಿಂದ ಸಂಚಾರಕ್ಕೆ ಅಪಾಯವಿದ್ದರೆ ಹತ್ತು ಗಂಟೆ ಕಾಯಬೇಕಾದುದೂ ಇಲ್ಲ. ಹೀಗೆ ತೆಗೆಸಿದಾಗ ಎಳೆದುಕೊಂಡು ಹೋದ ಖರ್ಚು ಒಡೆಯನ ಮೇಲೆ ಬೀಳುತ್ತದೆ. ಇದಿಷ್ಟು ನ್ಯಾಯವೇ. ಆದರೆ ಓದುಗರು ಎರಡು ಸಂಗತಿಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅಪ್ಪಣೆಯು ಪೋಲೀಸ್ ಅಧಿಕಾರಿಯದಾಗಿರಬೇಕು, ಕ್ರೇನಿನ ಯಜಮಾನನದಲ್ಲ. ಮತ್ತು ಆ ಕಲಮು ಒಡೆಯನ ಮೇಲೆ ಹೊರಿಸುವುದು ಎಳೆದುಕೊಂಡು ಹೋದ ಖರ್ಚನ್ನು; ಬೇಲಿಯೊಳಗೆ ಇರಿಸಿಕೊಂಡ ದಿನಗಳ ಬಾಡಿಗೆಯ ಸುದ್ದಿಯನ್ನೇ ಅದು ಎತ್ತುವುದಿಲ್ಲ.

ಹೊಸಕೋಟೆಯ ಕಡೆಯಿಂದ ಕಾಯಿಪಲ್ಯ ತರುವ ಒಬ್ಬ ಬಡ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ಮಾಲು ಇಳಿಸಿ ಹಿಂದಿರುಗುವಾಗ ಅವನ ಮೂರು ಚಕ್ರದ ಸರಕುಗಾಡಿ ಕೆಟ್ಟು ನಿಲ್ಲುತ್ತದೆ. ದುರಸ್ತಿಗೆ ಕೈಯಲ್ಲಿ ಹಣವಿಲ್ಲ. ಗಾಡಿಯನ್ನು ಬೀದಿಯ ಅಂಚಿಗೆ ನೂಕಿ, ಪಕ್ಕದ ಅಂಗಡಿಯವನಿಗೆ ಒಂದು ಮಾತು ಹೇಳಿ, ಊರಿಗೆ ಹೋಗಿ ಸಾಲಸೋಲ ಮಾಡಿ ಮೂರನೆಯ ದಿನ ಬರುವಷ್ಟರಲ್ಲಿ ಗಾಡಿ ಅಲ್ಲಿಲ್ಲ. ವಿಚಾರಿಸಲಾಗಿ ಯಾರೋ ಖಾಸಗಿಯವರ ಕ್ರೇನು ಅದನ್ನು ಎಳೆದೊಯ್ದು ತಗಡಿನ ಬೇಲಿಯೊಳಗೆ ನಿಲ್ಲಿಸಿರುವುದು ತಿಳಿಯುತ್ತದೆ. ಎಳೆದುದಕ್ಕೆ ಇಷ್ಟು, ಜಾಗದ ಬಾಡಿಗೆ ದಿನವೊಂದಕ್ಕೆ ಇಷ್ಟು, ಕಾವಲಿನವನಿಗೆ ಇಷ್ಟು ಎಂದು ಬಾಯಲ್ಲಿಯೇ ಲೆಕ್ಕ. ಕಾಗದವಿಲ್ಲ, ರಶೀದಿಯಿಲ್ಲ, ದರದ ಹಲಗೆಯಿಲ್ಲ. ಕೊಡಲಾರೆನೆಂದರೆ ನಾಳೆ ಇನ್ನೊಂದು ದಿನದ ಬಾಡಿಗೆ ಕೂಡುತ್ತದೆ. ಗಾಡಿಯಿಲ್ಲದ ದಿನ ಅವನಿಗೆ ದುಡಿಮೆಯಿಲ್ಲ. ದುಡಿಮೆಯಿಲ್ಲದ ದಿನ ಬಾಡಿಗೆಗೆ ಹಣವಿಲ್ಲ. ದಿನಗಳು ಉರುಳಿದಂತೆ ಋಣವು ಗಾಡಿಯ ಬೆಲೆಯನ್ನೇ ಮೀರುತ್ತದೆ. ಕೊನೆಗೆ ಅವನು ಕೈಚೆಲ್ಲುತ್ತಾನೆ, ಮತ್ತು ಗಾಡಿ ಗುಜರಿಗೆ ಸೇರುತ್ತದೆ. ಇದನ್ನು ವ್ಯಾಪಾರವೆನ್ನಬೇಕೋ, ಸುಲಿಗೆಯೆನ್ನಬೇಕೋ?

ಆ ಬೇಲಿಯ ಯಜಮಾನನು ತನ್ನ ಬೇಡಿಕೆಗೆ ಯಾವ ಆಧಾರವನ್ನು ತೋರಿಸಬಲ್ಲನು? ಕರಾರಿನಿಂದ ಬಂದ ಹಕ್ಕೆನ್ನೋಣವೆಂದರೆ ಗಾಡಿಯ ಒಡೆಯನು ಅವನೊಡನೆ ಯಾವ ಕರಾರನ್ನೂ ಮಾಡಿಕೊಂಡಿಲ್ಲ; ಅವನ ಮುಖವನ್ನೇ ನೋಡಿರಲಿಲ್ಲ. ೧೮೭೨ರ ಕರಾರು ಕಾಯಿದೆಯ ೧೭೦ನೆಯ ಕಲಮು ಒಂದು ತಡೆಹಿಡಿಯುವ ಹಕ್ಕನ್ನು ಕೊಡುವುದುಂಟು. ಅಕ್ಕಸಾಲಿಗನಿಗೆ ಒಡವೆ ಮಾಡಲು ಕೊಟ್ಟರೆ, ಗ್ಯಾರೇಜಿನವನಿಗೆ ಎಂಜಿನ್ನು ಬಿಚ್ಚಿ ಕಟ್ಟಲು ಕೊಟ್ಟರೆ, ಅವನ ಶ್ರಮಕ್ಕೂ ಕುಶಲತೆಗೂ ಸಲ್ಲಬೇಕಾದುದು ಸಲ್ಲುವವರೆಗೆ ಅವನು ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ಅಲ್ಲಿ ವಸ್ತುವನ್ನು ಒಪ್ಪಿಸಿದವನು ಒಡೆಯನೇ. ಕೇಳದೆ ಎತ್ತಿಕೊಂಡು ಹೋಗಿ ಸುಮ್ಮನೆ ನಿಲ್ಲಿಸಿಕೊಂಡವನು ಯಾವ ಕುಶಲತೆಯನ್ನು ತೋರಿಸಿದನು? ಅದೇ ಕಾಯಿದೆಯ ೧೬೮ನೆಯ ಕಲಮಿನಂತೆ, ಕಳೆದುಹೋದ ವಸ್ತುವನ್ನು ಕಂಡೆತ್ತಿಕೊಂಡವನು ತನ್ನ ಶ್ರಮಕ್ಕೂ ವೆಚ್ಚಕ್ಕೂ ಪರಿಹಾರ ಬರುವತನಕ ಅದನ್ನು ಇಟ್ಟುಕೊಳ್ಳಬಹುದು, ಆದರೆ ಆ ಪರಿಹಾರಕ್ಕಾಗಿ ಒಡೆಯನ ಮೇಲೆ ದಾವೆ ಹೂಡಲಾರನು. ಬೇಲಿಯ ಯಜಮಾನನು ಈ ಆಸರೆಯನ್ನು ಹಿಡಿಯಬಹುದೆ? ಎದೆಯ ಮೇಲೆ ಸಂಖ್ಯೆಯ ಫಲಕವನ್ನು ಹೊತ್ತುಕೊಂಡು, ಒಡೆಯನ ಹೆಸರು ವಿಳಾಸಗಳೆಲ್ಲ ಸಾರಿಗೆ ಕಚೇರಿಯ ದಫ್ತರದಲ್ಲಿರುವಾಗ, ಬೀದಿಯ ಅಂಚಿನಲ್ಲಿ ನಿಂತ ಗಾಡಿಯನ್ನು ಕಳೆದುಹೋದ ವಸ್ತುವೆಂದು ಕರೆಯುವುದು ಹಗಲಲ್ಲಿ ದೀವಟಿಗೆ ಹಿಡಿದು ಸೂರ್ಯನನ್ನು ಹುಡುಕಿದಂತೆ. ಒಡೆಯನನ್ನು ಹುಡುಕುವ ಯತ್ನವನ್ನೇ ಮಾಡದವನಿಗೆ ಹುಡುಕಿದ ಶ್ರಮದ ಕೂಲಿ ಎಲ್ಲಿಂದ ಬಂತು?

ಇನ್ನು, ಹಣವನ್ನು ಕೊಟ್ಟು ಗಾಡಿಯನ್ನು ಬಿಡಿಸಿಕೊಂಡಾಗಿದೆ, ಇನ್ನೇನು ಮಾಡುವುದು ಎಂದು ಕೈಕಟ್ಟಿ ಕುಳಿತುಕೊಳ್ಳುವವರು ಅನೇಕರಿದ್ದಾರೆ. ಅವರಿಗಾಗಿ ಒಂದು ಮಾತನ್ನು ಹೇಳಬೇಕಾಗಿದೆ. ಕರಾರು ಕಾಯಿದೆಯ ೭೨ನೆಯ ಕಲಮಿನಂತೆ, ತಪ್ಪು ತಿಳಿವಳಿಕೆಯಿಂದಾಗಲಿ ಬಲಾತ್ಕಾರದಿಂದಾಗಲಿ ಕೊಟ್ಟ ಹಣವನ್ನು ಪಡೆದವನು ಹಿಂದಿರುಗಿಸತಕ್ಕದ್ದು. ಆ ಕಲಮಿನ ಕೆಳಗೆ ಶಾಸನಕರ್ತರು ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ರೈಲ್ವೆ ಕಂಪನಿಯೊಂದು ಸಾಗಣೆಗೆ ನ್ಯಾಯವಲ್ಲದ ದರವನ್ನು ಕೇಳಿ, ಅದನ್ನು ಕೊಡದ ಹೊರತು ಮಾಲನ್ನು ಬಿಡಲಾರೆನೆನ್ನುತ್ತದೆ. ವರ್ತಕನು ಬೇರೆ ದಾರಿಯಿಲ್ಲದೆ ಕೊಟ್ಟು ಮಾಲನ್ನು ಪಡೆಯುತ್ತಾನೆ. ದರದಲ್ಲಿ ಎಷ್ಟು ಅಂಶ ನ್ಯಾಯಕ್ಕೆ ಮೀರಿತ್ತೋ ಅಷ್ಟನ್ನು ಅವನು ಮರಳಿ ಪಡೆಯಲು ಹಕ್ಕುದಾರನು. ರೈಲ್ವೆಯ ಬದಲು ಕ್ರೇನನ್ನೂ ಮಾಲಿನ ಬದಲು ಸ್ಕೂಟರನ್ನೂ ಇರಿಸಿ ಓದಿದರೆ ರಸೆಲ್ ಮಾರುಕಟ್ಟೆಯ ವ್ಯಾಜ್ಯವು ಅಲ್ಲಿಯೇ ಮುಗಿದುಹೋಗುತ್ತದೆ. ಆದುದರಿಂದ ಇಂತಹ ಸಂಕಟಕ್ಕೆ ಸಿಕ್ಕಿದವನು ಹಣ ಕೊಡುವುದಾದರೂ ಆಕ್ಷೇಪಣೆಯೊಡನೆ ಕೊಡುತ್ತಿರುವೆನೆಂದು ಬರೆದು ಕೊಡಲಿ, ರಶೀದಿಯನ್ನು ಕೇಳಲಿ, ಎತ್ತಲು ಅಪ್ಪಣೆಯಿತ್ತ ಅಧಿಕಾರಿಯ ಹೆಸರನ್ನು ಕೇಳಲಿ. ರಶೀದಿಯನ್ನು ಕೊಡಲು ಒಲ್ಲೆನೆಂಬವನ ಬೇಡಿಕೆಯು ಎಂತಹುದೆಂದು ಆ ಒಲ್ಲೆನೆಂಬುದೇ ಸಾರುತ್ತದೆ.

ದಾರಿತಪ್ಪಿದ ಸ್ವತ್ತನ್ನು ಹಿಡಿದು ಕೂಡಿಹಾಕಿ ಹಣ ಪಡೆಯುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಊರೂರಿನಲ್ಲಿ ದನದ ದೊಡ್ಡಿಯಿತ್ತು. ಉತ್ತರದ ಜಿಲ್ಲೆಗಳಲ್ಲಿ ಅದನ್ನೇ ಕೊಂಡವಾಡವೆಂದರು. ಪರರ ಪೈರಿಗೆ ನುಗ್ಗಿದ ದನವನ್ನು ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ ೧೮೭೧ರಲ್ಲಿ ಮಾಡಿದ ದನಗಳ ಅತಿಕ್ರಮಣದ ಕಾಯಿದೆಯನ್ನು ಇಂದು ಬಿಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ದನವನ್ನು ಹಿಡಿದ ರೈತನು ಅದನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳುವಂತಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಗಳೊಳಗೆ ದೊಡ್ಡಿಗೆ ಕಳುಹಿಸತಕ್ಕದ್ದಾಗಿತ್ತು. ದಂಡವೆಷ್ಟು, ಮೇವುನೀರಿನ ಖರ್ಚೆಷ್ಟು ಎಂಬ ಪಟ್ಟಿಯನ್ನು ಪ್ರತಿಯೊಂದು ದೊಡ್ಡಿಯ ಬಳಿಯೂ ಎಲ್ಲರಿಗೂ ಕಾಣುವಂತೆ ಅಂಟಿಸತಕ್ಕದ್ದಾಗಿತ್ತು. ಎಷ್ಟು ದನ, ಎಂತಹ ದನ, ಎಂದು ಬಂತು, ಯಾರು ಹಿಡಿದುತಂದರು ಎಂಬುದನ್ನು ದೊಡ್ಡಿಯವನು ಪುಸ್ತಕದಲ್ಲಿ ಬರೆದಿಡಬೇಕಾಗಿತ್ತು. ಏಳು ದಿನಗಳೊಳಗೆ ಯಾರೂ ಬಾರದಿದ್ದರೆ ಹತ್ತಿರದ ಪೋಲೀಸ್ ಠಾಣೆಗೆ ತಿಳಿಸಬೇಕಾಗಿತ್ತು. ಠಾಣೆಯವರು ಪ್ರಕಟಣೆ ಅಂಟಿಸಿ, ದನವನ್ನು ಹಿಡಿದ ಸ್ಥಳಕ್ಕೆ ಸಮೀಪದ ಊರಿನಲ್ಲಿಯೂ ಸಂತೆಯ ಸ್ಥಳದಲ್ಲಿಯೂ ಡಂಗುರ ಸಾರಿಸಬೇಕಾಗಿತ್ತು. ಮತ್ತೆ ಏಳು ದಿನ ಕಾದ ಮೇಲೆಯೇ ಬಹಿರಂಗ ಹರಾಜು. ಒಡೆಯನು ಬಂದೂ ಹಣ ಕೊಡದಿದ್ದರೆ ದಂಡಕ್ಕೂ ಖರ್ಚಿಗೂ ಸಾಕಾಗುವಷ್ಟು ದನಗಳನ್ನು ಮಾತ್ರ ಮಾರಿ ಉಳಿದುವನ್ನು ಅವನಿಗೆ ಒಪ್ಪಿಸಬೇಕಾಗಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಹಿಡಿದದ್ದೇ ಅನ್ಯಾಯವೆಂದು ಒಡೆಯನು ತಕರಾರು ಹೂಡಿದರೆ, ಹಣವನ್ನು ಠೇವಣಿಯಾಗಿಟ್ಟು ದನವನ್ನು ಅಂದೇ ಮನೆಗೆ ಹೊಡೆದುಕೊಂಡು ಹೋಗಬಹುದಾಗಿತ್ತು, ವಿಚಾರಣೆ ಆಮೇಲೆ. ಹತ್ತು ದಿನಗಳೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಟ್ಟು ಗೆದ್ದರೆ ನೂರು ರೂಪಾಯಿಗಳವರೆಗೆ ಪರಿಹಾರವೂ ದೊರೆಯಬಹುದಾಗಿತ್ತು. ಆ ಕಾಲದ ನೂರು ರೂಪಾಯಿ! ಎಲ್ಲಕ್ಕೂ ಮಿಗಿಲಾಗಿ, ದೊಡ್ಡಿಯವನಾಗಲಿ ಪೋಲೀಸ್ ಅಧಿಕಾರಿಯಾಗಲಿ ಆ ಹರಾಜಿನಲ್ಲಿ ನೇರವಾಗಿಯೂ ಬೇನಾಮಿಯಾಗಿಯೂ ದನವನ್ನು ಕೊಳ್ಳಕೂಡದೆಂದು ೧೯ನೆಯ ಕಲಮು ಕಟ್ಟಪ್ಪಣೆ ಮಾಡಿತ್ತು. ಹಿಡಿಯುವವನಿಗೂ ಕಾಯುವವನಿಗೂ ಸ್ವತ್ತಿನ ಮೇಲೆ ಆಸೆ ಹುಟ್ಟಬಾರದೆಂಬ ತತ್ತ್ವವನ್ನು ಆ ಶಾಸನಕರ್ತರು ಅರಿತಿದ್ದರು.

ಪರದೇಶೀಯರ ಆಡಳಿತವನ್ನು ನಾವು ಹೊಗಳಹೊರಟಿಲ್ಲ. ದೊಡ್ಡಿಯ ದಂಡಗಳು ಬಡರೈತನಿಗೆ ಎಂತಹ ಕಾಟವಾಗಿದ್ದುವೆಂಬುದು ಹಳ್ಳಿಯ ಹಿರಿಯರು ಹೇಳುತ್ತಿದ್ದ ಮಾತೇ ಆಗಿತ್ತು. ಕರನಿರಾಕರಣೆಯ ದಿನಗಳಲ್ಲಿ ಅಂಕೋಲೆ ಸಿದ್ದಾಪುರಗಳ ರೈತರ ಸ್ವತ್ತನ್ನು ಜಪ್ತಿಮಾಡಿ ಹರಾಜು ಹಾಕಿದುದೂ ಆ ಸರಕಾರವೇ. ಆದರೆ ಒಂದು ಎಮ್ಮೆಗೆ ಆ ಸರಕಾರವು ಕಾಗದದ ಮೇಲಾದರೂ ಕೊಟ್ಟಿದ್ದ ರಕ್ಷಣೆ ಸ್ವತಂತ್ರ ಭಾರತದ ಪ್ರಜೆಯೊಬ್ಬನ ದುಡಿಮೆಯ ಗಾಡಿಗೆ ದೊರೆಯದಿದ್ದರೆ ತಲೆತಗ್ಗಿಸಬೇಕಾದವರು ಯಾರು? ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯಕೂಡದೆಂದು ನಮ್ಮ ಸಂವಿಧಾನದ ೩೦೦-ಎ ಅನುಚ್ಛೇದವು ಸಾರುತ್ತದೆ. ಅದು ಬಂಗಲೆಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಈಗ ನಮ್ಮ ನಗರದ ಅನುಭವಕ್ಕೆ ಬರೋಣ. ಬೆಂಗಳೂರಿನಲ್ಲಿ ಸಂಚಾರ ಪೋಲೀಸಿನವರು ಟೋಯಿಂಗ್ ಕಾರ್ಯವನ್ನು ಖಾಸಗಿ ಗುತ್ತಿಗೆದಾರರಿಗೆ ವಹಿಸಿದ್ದರು. ಗಾಡಿಯಲ್ಲಿ ಪೋಲೀಸಿನವರೊಬ್ಬರು ಕುಳಿತಿರುತ್ತಿದ್ದರು. ಗಾಡಿ, ಆಳು, ಹಗ್ಗ, ಕೊಕ್ಕೆಗಳೆಲ್ಲ ಗುತ್ತಿಗೆದಾರನವು. ನಿಷೇಧಿತ ಸ್ಥಳದಲ್ಲಿ ನಿಂತ ದ್ವಿಚಕ್ರ ವಾಹನವನ್ನು ಬಿಡಿಸಿಕೊಳ್ಳಬೇಕಾದರೆ ದಂಡ ೧,೦೦೦ ರೂಪಾಯಿ, ಎತ್ತಿದ ಖರ್ಚು ೬೫೦ ರೂಪಾಯಿ, ಒಟ್ಟು ೧,೬೫೦ ರೂಪಾಯಿ ತೆರಬೇಕಾಗಿತ್ತು. ಸ್ಕೂಟರಿನ ಮೇಲೆ ಓಡಾಡಿ ಹೊಟ್ಟೆಹೊರೆಯುವವನಿಗೆ ಇದು ಸಣ್ಣ ಮೊತ್ತವಲ್ಲ. ಎತ್ತಿದ ಖರ್ಚೆಂಬುದೇ ಗುತ್ತಿಗೆದಾರನ ಆದಾಯವಾದುದರಿಂದ, ಎಷ್ಟು ಎತ್ತಿದರೆ ಅಷ್ಟು ಲಾಭ. ಫಲವೇನಾಯಿತು? ಆಳುಗಳು ಇಬ್ಬರು ಮೂವರು ಸೇರಿ ಕೈಯಿಂದ ಎತ್ತಬಹುದಾದ ಸ್ಕೂಟರುಗಳೇ ಅವರ ಕಣ್ಣಿಗೆ ಬಿದ್ದುವು. ಮಾಲೀಕನು ಕೂಗುತ್ತ ಹಿಂದೆ ಓಡಿಬಂದರೂ ನಿಲ್ಲಿಸದೆ ಹೋಗುವರೆಂಬ, ಸೂಚನೆ ಕೂಗದೆಯೇ ಎತ್ತುವರೆಂಬ ದೂರುಗಳು ಬೀದಿಬೀದಿಗಳಲ್ಲಿ ಕೇಳಿಬಂದುವು. ೨೦೨೨ರ ಜನವರಿಯಲ್ಲಿ, ಟೋಯಿಂಗ್ ಗಾಡಿಯ ಮೇಲಿನ ಕೋಪದಿಂದ ಕಲ್ಲೆಸೆದ ಅಂಗವಿಕಲ ಮಹಿಳೆಯೊಬ್ಬರನ್ನು ಸಹಾಯಕ ಸಬ್ ಇನ್ಸ್ಪೆಕ್ಟರರೊಬ್ಬರು ಬೂಟುಗಾಲಿನಿಂದ ಒದ್ದ ದೃಶ್ಯವನ್ನು ನಾಡೆಲ್ಲ ನೋಡಿತು. ಆ ಅಧಿಕಾರಿ ಅಮಾನತಾದರು. ಮರುತಿಂಗಳು ಸರಕಾರವು ಟೋಯಿಂಗನ್ನೇ ನಿಲ್ಲಿಸಿತು.

ಕಲ್ಲೆಸೆಯುವುದು ಸರಿಯಲ್ಲ, ಒದೆಯುವುದಂತೂ ಹೇಯ. ಆದರೆ ಸರಕಾರದವರು ಆ ಪ್ರಕರಣದಿಂದ ಕಲಿಯಬೇಕಾದ ಪಾಠ ಪೋಲೀಸಿನವರ ಸೌಜನ್ಯದ್ದು ಮಾತ್ರವೆಂದು ತಿಳಿದರೆ ಮೋಸಹೋಗುವರು. ದೋಷವು ಪದ್ಧತಿಯ ಬೇರಿನಲ್ಲಿತ್ತು. ಅಷ್ಟು ವರ್ಷ ಅಷ್ಟು ವಾಹನಗಳನ್ನು ಎತ್ತಿದ ಮೇಲೆಯೂ ಶಿವಾಜಿನಗರದ ಓಣಿಗಳಲ್ಲಿ ತುಕ್ಕುಹಿಡಿದ ಕಾರುಗಳೂ ವ್ಯಾನುಗಳೂ ಏಕೆ ಹಾಗೆಯೇ ಉಳಿದುವು? ಅವನ್ನು ಎತ್ತಿದರೆ ಹಣ ಕೊಡಲು ಯಾರೂ ಬರುವುದಿಲ್ಲ. ಬಿಟ್ಟುಹೋದವನು ಬಿಟ್ಟೇ ಹೋದನು. ಆ ಗಾಡಿಯ ಬೆಲೆಗಿಂತ ಎಳೆಯುವ ಖರ್ಚೇ ಹೆಚ್ಚು. ಹೀಗೆ, ಬಿಟ್ಟುಹೋದ ವಾಹನಗಳನ್ನು ತೆಗೆಸುವುದಕ್ಕೆಂದು ಕಾನೂನು ಕೊಟ್ಟ ಅಧಿಕಾರವು ಬಿಟ್ಟುಹೋಗದ ವಾಹನಗಳ ಮೇಲೆ ಮಾತ್ರ ಚಲಾಯಿಸಲ್ಪಟ್ಟಿತು. ಒಡೆಯನಿಂದ ವಸೂಲಾಗುವ ಹಣವೇ ಎತ್ತುವವನ ಸಂಬಳವಾಗಿರುವ ತನಕ ಇದು ಹೀಗೆಯೇ ನಡೆಯುವುದು. ಹೊಸ ಹೆಸರಿನಿಂದ, ಹೊಸ ಗುತ್ತಿಗೆದಾರರಿಂದ, ಹೊಸ ಬಣ್ಣದ ಗಾಡಿಗಳಿಂದ ಇದನ್ನು ಮತ್ತೆ ಆರಂಭಿಸಿದರೂ ಅದೇ ಕಥೆ.

ಇಲ್ಲಿ ಇನ್ನೊಂದು ಅನ್ಯಾಯವನ್ನೂ ಹೇಳಿಬಿಡಬೇಕು. ಹಲಸೂರಿನಲ್ಲಿಯೋ ಇಂದಿರಾನಗರದಲ್ಲಿಯೋ ಒಬ್ಬನ ಸ್ಕೂಟರನ್ನು ಕಳ್ಳರು ಕದ್ದು, ತೈಲ ಮುಗಿಯುವತನಕ ಓಡಿಸಿ, ಮಾರುಕಟ್ಟೆಯ ಹಿಂದಣ ಸಂದಿಯಲ್ಲಿ ಬಿಟ್ಟುಹೋದರೆನ್ನೋಣ. ಅದನ್ನು ಎತ್ತಿ ಇರಿಸಿಕೊಂಡವರು ಒಡೆಯನನ್ನು ಹಣ ಕೇಳುವರು. ಅವನೇನು ಅದನ್ನು ಅಲ್ಲಿ ನಿಲ್ಲಿಸಿದನೇ? ಎಳೆದ ಖರ್ಚಿಗೆ ಒಡೆಯನು ಹೊಣೆಯೆನ್ನುವಾಗ ೧೨೭ನೆಯ ಕಲಮು ಕಳವಿಗೊಳಗಾದವನನ್ನು ಬೇರ್ಪಡಿಸಿ ಹೇಳುವುದಿಲ್ಲ. ಕಳವಿನ ದೂರು ಠಾಣೆಯಲ್ಲಿ ದಾಖಲಾಗಿರುವ ವಾಹನಕ್ಕೆ ಕಾಸನ್ನೂ ಕೇಳಕೂಡದೆಂಬ ನಿಯಮವು ಆಗಲೇಬೇಕು. ಕಳ್ಳನಿಂದ ಒಮ್ಮೆ ಸುಲಿಯಲ್ಪಟ್ಟವನನ್ನು ಕಾವಲುಗಾರನು ಎರಡನೆಯ ಸಲ ಸುಲಿಯುವುದು ಯಾವ ಧರ್ಮ?

ಅನ್ಯದೇಶದ ಸಂಗತಿಯನ್ನೂ ಸ್ವಲ್ಪ ನೋಡಬಹುದು. ಇಂಗ್ಲೆಂಡಿನಲ್ಲಿಯೂ ಖಾಸಗಿ ನೆಲದಲ್ಲಿ ನಿಂತ ವಾಹನಗಳ ಚಕ್ರಕ್ಕೆ ಬೀಗ ಜಡಿದು, ಎಳೆದೊಯ್ದು, ಮನಬಂದಷ್ಟು ಹಣ ಕೀಳುವ ಕಸುಬು ಬೆಳೆದಿತ್ತು. ಸ್ಕಾಟ್ಲೆಂಡಿನ ನ್ಯಾಯಾಲಯವು ೧೯೯೨ರಷ್ಟು ಹಿಂದೆಯೇ ಇದನ್ನು ಬೆದರಿಸಿ ಹಣ ಕೀಳುವ ಅಪರಾಧವೆಂದು ತೀರ್ಮಾನಿಸಿತು. ಇಂಗ್ಲೆಂಡು ವೇಲ್ಸುಗಳಲ್ಲಿ ೨೦೧೨ರ ಅಕ್ಟೋಬರಿನಿಂದ, ಕಾನೂನಿನ ಅಧಿಕಾರವಿಲ್ಲದೆ ಖಾಸಗಿ ನೆಲದಲ್ಲಿ ವಾಹನಕ್ಕೆ ಬೀಗ ಜಡಿಯುವುದೂ ಎಳೆದೊಯ್ಯುವುದೂ ಅಪರಾಧವಾಯಿತು. ತಮ್ಮ ಸ್ವಂತ ನೆಲದ ಮೇಲೆ ನಿಂತ ಗಾಡಿಯನ್ನೇ ಖಾಸಗಿಯವರು ಮುಟ್ಟುವಂತಿಲ್ಲವೆಂದು ಅಲ್ಲಿಯ ಶಾಸನಸಭೆ ಹೇಳಿದ ಮೇಲೆ, ಸಾರ್ವಜನಿಕ ಬೀದಿಯ ಮೇಲೆ ನಿಂತ ಗಾಡಿಯನ್ನು ಇಲ್ಲಿಯ ಖಾಸಗಿಯವರು ಎತ್ತಿ ಮಾರುವಷ್ಟು ಸ್ವತಂತ್ರರೇ? ನಮ್ಮ ಆಡಳಿತಗಾರರು ಬೇಡದುದಕ್ಕೆಲ್ಲ ಲಂಡನ್ ನಗರದ ಉದಾಹರಣೆಯನ್ನು ತರುವವರು. ಇದೊಂದಕ್ಕೆ ಮಾತ್ರ ಅವರಿಗೆ ಲಂಡನ್ ನೆನಪಾಗುವುದಿಲ್ಲ.

ಗುತ್ತಿಗೆದಾರರ ಪರವಾಗಿಯೂ ಒಂದು ವಾದವುಂಟು. ಕ್ರೇನಿಗೆ ಬಂಡವಾಳ ಬೇಕು, ಆಳಿಗೆ ಕೂಲಿ ಬೇಕು; ಬೆಂಗಳೂರಿನಂತಹ ನಗರದಲ್ಲಿ ಹತ್ತು ಗಾಡಿಗಳನ್ನು ನಿಲ್ಲಿಸುವ ನೆಲಕ್ಕೆ ಬಾಡಿಗೆ ಎಷ್ಟೆಂದು ಬಲ್ಲವರೇ ಬಲ್ಲರು; ಇದನ್ನೆಲ್ಲ ಅವರು ಧರ್ಮಾರ್ಥವಾಗಿ ಮಾಡಬೇಕೇ ಎಂದು ಕೇಳುವರು. ಬೇಡವೇ ಬೇಡ. ಅವರಿಗೆ ನ್ಯಾಯವಾದ ಕೂಲಿ ಸಲ್ಲಬೇಕು. ಆದರೆ ಅದನ್ನು ಸಲ್ಲಿಸಬೇಕಾದವರು ಅವರನ್ನು ನೇಮಿಸಿದವರು. ಬೀದಿಯನ್ನು ಗುಡಿಸುವವನು ಕಸ ಹಾಕಿದ ಮನೆಗೆ ಹೋಗಿ ತನಗೆ ತೋರಿದಷ್ಟು ಹಣವನ್ನು ವಸೂಲುಮಾಡಿಕೊಳ್ಳಲೆಂದು ಯಾವ ಪುರಸಭೆಯೂ ಹೇಳುವುದಿಲ್ಲ; ಅವನಿಗೆ ಸಂಬಳ ಕೊಡುತ್ತದೆ, ಕಸ ಹಾಕಿದವನಿಗೆ ದಂಡ ಹಾಕುವುದಾದರೆ ತಾನೇ ಹಾಕುತ್ತದೆ. ಇಲ್ಲಿಯೂ ಅದೇ ಆಗಲಿ. ಗುತ್ತಿಗೆದಾರನಿಗೆ ದಿನಗೂಲಿಯಂತೆ ಪಾಲಿಕೆಯೋ ಪೋಲೀಸ್ ಇಲಾಖೆಯೋ ಹಣ ಕೊಡಲಿ; ಒಡೆಯನಿಂದ ಬರಬೇಕಾದುದನ್ನು ಸರಕಾರವೇ ರಶೀದಿ ಕೊಟ್ಟು ಬೊಕ್ಕಸಕ್ಕೆ ತುಂಬಿಕೊಳ್ಳಲಿ. ಆಗ ಹೊಸ ಸ್ಕೂಟರನ್ನು ಎತ್ತ ಬೇಕೆಂಬ ಆತುರವೂ ಹಳೆಯ ಲಾರಿಯನ್ನು ಬಿಟ್ಟುಬಿಡಬೇಕೆಂಬ ಉದಾಸೀನವೂ ಎರಡೂ ಒಟ್ಟಿಗೆ ತೊಲಗುವುವು.

ಇದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ. ಕೆಟ್ಟುನಿಂತ, ಬಿಟ್ಟುಹೋದ ವಾಹನಗಳನ್ನು ಅವುಗಳ ಸರಕು ಸಮೇತ ತೆಗೆಸುವ ಮತ್ತು ಭದ್ರವಾಗಿ ಇರಿಸುವ ಬಗ್ಗೆ ನಿಯಮಗಳನ್ನು ಮಾಡುವ ಅಧಿಕಾರವನ್ನು ಮೋಟಾರು ವಾಹನಗಳ ಕಾಯಿದೆಯ ೧೩೮ನೆಯ ಕಲಮು ರಾಜ್ಯ ಸರಕಾರಕ್ಕೆ ಕೊಟ್ಟೇ ಇದೆ. ಯಾರೂ ಬಾರದ ವಾಹನಗಳನ್ನು ಏನು ಮಾಡಬೇಕೆಂಬುದಕ್ಕೂ ದಾರಿಯಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೫೦೩ನೆಯ ಕಲಮಿನಂತೆ, ಪೋಲೀಸರು ವಶಪಡಿಸಿಕೊಂಡ ಸ್ವತ್ತಿನ ಒಡೆಯನು ಯಾರೆಂದು ತಿಳಿಯದಿದ್ದರೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಿ ಆರು ತಿಂಗಳ ಕಾಲ ಕೊಡುವರು. ಆಮೇಲೂ ಯಾರೂ ಬಾರದಿದ್ದರೆ ಅದು ಸರಕಾರದ ಪಾಲಾಗಿ ಮಾರಾಟವಾಗಬಹುದು. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿಯೂ ಇದೇ ವಿಧಿಯಿತ್ತು. ವಾಹನಗಳನ್ನು ಠಾಣೆಗಳ ಅಂಗಳದಲ್ಲಿ ಬಹುಕಾಲ ಕೊಳೆಯಹಾಕಬಾರದೆಂದೂ, ತಕ್ಕ ಮುಚ್ಚಳಿಕೆ ಜಾಮೀನುಗಳನ್ನು ಬರೆಸಿಕೊಂಡು ಬೇಗನೆ ಹಿಂದಿರುಗಿಸಬೇಕೆಂದೂ, ಹಕ್ಕುದಾರರಿಲ್ಲದಿದ್ದರೆ ನ್ಯಾಯಾಲಯದ ಅಪ್ಪಣೆಯಂತೆ ಹರಾಜು ಹಾಕಬಹುದೆಂದೂ ಸರ್ವೋಚ್ಚ ನ್ಯಾಯಾಲಯವು ಸುಂದರಭಾಯಿ ಅಂಬಾಲಾಲ್ ದೇಸಾಯಿ ಮೊಕದ್ದಮೆಯಲ್ಲಿ ೨೦೦೨ರಲ್ಲಿಯೇ ಹೇಳಿದೆ. ಅಷ್ಟು ಹೇಳಿ ಇಪ್ಪತ್ತು ವರ್ಷಗಳ ಮೇಲಾದರೂ ನಮ್ಮ ಠಾಣೆಗಳ ಅಂಗಳಗಳನ್ನು ನೋಡಿದವರಿಗೆ ಆ ತೀರ್ಪು ಅಲ್ಲಿಗೆ ತಲಪಿದಂತೆ ತೋರುವುದಿಲ್ಲ. ಬಳ್ಳಿ ಹಬ್ಬಿದ ಕಾರುಗಳು ಅಲ್ಲಿಯೂ ಇವೆ. ಗುಜರಿಗೆ ಹೋಗಬೇಕಾದ ವಾಹನಗಳಿಗೆ ನೋಂದಾಯಿತ ಕೇಂದ್ರಗಳನ್ನು ಏರ್ಪಡಿಸುವ ನಿಯಮಗಳು ೨೦೨೧ರಲ್ಲಿಯೇ ಬಂದಿವೆ. ಶಿವಾಜಿನಗರದ ಗುಜರಿಯವರು ಹಳೆಯ ಗಾಡಿಯ ಒಂದೊಂದು ಭಾಗವನ್ನೂ ಬೆಲೆಗೆ ತರುವ ಕುಶಲಿಗಳೆಂದು ಊರಿಗೇ ಗೊತ್ತು. ಅವರನ್ನೂ ಆ ನೋಂದಣಿಯ ಒಳಕ್ಕೆ ತಂದರೆ ಅವರ ಕಸುಬಿಗೂ ಮಾನ, ಬೀದಿಗೂ ತೆರಪು.

ಆದುದರಿಂದ ನಾವು ಸರಕಾರದವರನ್ನೂ ಬೆಂಗಳೂರು ಕೇಂದ್ರ ನಗರ ಪಾಲಿಕೆಯವರನ್ನೂ ಕೇಳಿಕೊಳ್ಳುವುದಿಷ್ಟು. ವಾಹನವನ್ನು ಎತ್ತಲು ಅಪ್ಪಣೆಯಿತ್ತ ಅಧಿಕಾರಿಯ ಹೆಸರು, ಸ್ಥಳ, ವೇಳೆಗಳುಳ್ಳ ಚೀಟಿಯು ಪ್ರತಿಯೊಂದು ವಾಹನದೊಡನೆಯೂ ಇರಲಿ. ನೋಂದಣಿಯ ದಫ್ತರವನ್ನು ನೋಡಿ ಒಡೆಯನಿಗೆ ಅದೇ ದಿನ ತಿಳಿವಳಿಕೆ ಹೋಗಲಿ. ಇಂದು ಡಂಗುರದ ಅಗತ್ಯವಿಲ್ಲ, ಅವನ ಕೈಯಲ್ಲಿರುವ ದೂರವಾಣಿಗೆ ಒಂದು ಸಂದೇಶ ಸಾಕು. ತಿಳಿವಳಿಕೆ ಮುಟ್ಟುವ ಮೊದಲಿನ ದಿನಗಳಿಗೆ ಬಾಡಿಗೆಯನ್ನು ಲೆಕ್ಕ ಹಾಕಬಾರದು. ಆಮೇಲಿನ ಬಾಡಿಗೆಯೂ ಗೊತ್ತಾದ ಒಂದು ಮಿತಿಯನ್ನು ಮೀರಬಾರದು. ತಕರಾರಿದ್ದವನು ಠೇವಣಿಯಿಟ್ಟು ತನ್ನ ಗಾಡಿಯನ್ನು ಅಂದೇ ಒಯ್ಯಲಿ. ವಾಹನವನ್ನು ಎತ್ತಿದವನೂ ಕಾಯ್ದವನೂ ಅದರ ಹರಾಜಿನಲ್ಲಿ ಕೂಗಕೂಡದು. ಸರಕಾರದ ಅಪ್ಪಣೆಯಿಲ್ಲದೆ ಪರರ ಗಾಡಿಯನ್ನು ಬೇಲಿಯೊಳಗೆ ಇರಿಸಿಕೊಂಡು ಬಾಡಿಗೆ ಕೇಳುವವನ ಮೇಲೆ ಪೋಲೀಸಿನವರು ಮೊಕದ್ದಮೆ ಹೂಡಲಿ, ಅವನೊಡನೆ ರಾಜಿಯ ಮಾತಾಡಲು ಒಡೆಯನಿಗೆ ಬುದ್ಧಿ ಹೇಳುವುದನ್ನು ಬಿಡಲಿ. ರಸೆಲ್ ಮಾರುಕಟ್ಟೆಯ ಮುಂಬಾಗಿಲಿನಲ್ಲಿ, ಬಸಿಲಿಕದ ಎದುರಿಗೆ, ಎತ್ತುವ ದರ ಇರಿಸುವ ದರಗಳೆರಡನ್ನೂ ಕನ್ನಡ, ಉರ್ದು, ತಮಿಳುಗಳಲ್ಲಿ ಬರೆದ ಒಂದು ಹಲಗೆಯನ್ನು ನಿಲ್ಲಿಸಲಿ. ಅದರ ಕೆಳಗೆ ಆಯಾ ದಿನ ಎತ್ತಿದ ವಾಹನಗಳ ಸಂಖ್ಯೆಗಳನ್ನು ಪ್ರತಿ ಸಂಜೆ ಅಂಟಿಸಲಿ. ಹಲಗೆಗೆ ಆಗುವ ವೆಚ್ಚ ಅಲ್ಪ. ಕ್ರೇನುಗಳಿಗೂ ನೆಲಕ್ಕೂ ಬೇಕಾದುದಕ್ಕೆ ಪಾಲಿಕೆಯವರು ತಮ್ಮ ಮುಂದಿನ ಆಯವ್ಯಯದಲ್ಲಿ ಒಂದು ಬಾಬನ್ನು ತೆಗೆದಿರಿಸಲಿ.